ಆ ಫೀ ಎಲ್ಲಿ ಬರೆದಿದೆ?

ಗೆಳೆಯರೇ, ಇವತ್ತು ಚಿತ್ತಾಪುರದ ಇನ್ಶೂರೆನ್ಸ್ ಆಫೀಸಿನಲ್ಲಿ ಗೆದ್ದು ಬಂದೆ! ನನ್ನ ಒಂದೇ ಸ್ಕೂಟಿಗೆ ನಾನೂ ವಿಮೆ ಮಾಡಿಸಿದ್ದೆ. ನನಗೆ ಹೇಳದೆ ನನ್ನ ಗಂಡನೂ ಬೇರೆ ಕಂಪನಿಯಲ್ಲಿ ಮಾಡಿಸಿದ್ದರು. ನನ್ನದನ್ನು ರದ್ದು ಮಾಡಿಸಲು ಹೋದರೆ ಕೌಂಟರಿನವನು ಅರ್ಜಿ ಮುಟ್ಟಲೂ ಇಲ್ಲ.

"ಅಕ್ಕಾರ, ನಡುವ ಕ್ಯಾನ್ಸಲ್ ಮಾಡಿದ್ರ ಫೀ ಕಟ್ ಆಗ್ತದ. ನಿಮಗ ಏನೂ ವಾಪಸ್ ಬರಂಗಿಲ್ರಿ."

"ಆ ಫೀ ಎಲ್ಲಿ ಬರದದ, ತೋರಸ್ರಿ," ಎಂದು ಪಾಲಿಸಿಯನ್ನು ಮುಂದಿಟ್ಟೆ.

ಅವನು ಹಾಳೆಗಳನ್ನು ಹಿಂದೆ ಮುಂದೆ ತಿರುವಿದ, ಕನ್ನಡಕ ಹಾಕಿಕೊಂಡ, ತೆಗೆದ. ಸಿಗಲಿಲ್ಲ. ನಾನು ಗೆರೆ ಎಳೆದು ತಂದಿದ್ದ ಸಾಲನ್ನು ಗಟ್ಟಿಯಾಗಿ ಓದಿದೆ: ಕ್ಲೇಮ್ ಆಗಿರದಿದ್ದರೆ ಕಳೆದ ದಿನಗಳ ಹಣ ಮಾತ್ರ ಕಡಿತ, ಉಳಿದದ್ದು ವಾಪಸ್.

ಒಳಗಿನಿಂದ ಮ್ಯಾನೇಜರ್ ಎದ್ದು ಬಂದರು. "ಮೇಡಂ ಹೇಳಾಕತ್ತಿದ್ದು ಖರೇ ಅದ. ಅರ್ಜಿ ತಗೋರಿ," ಎಂದು ಅವನಿಗೆ ಹೇಳಿದರು. ಗಂಡನ ಪಾಲಿಸಿಯ ನಕಲು ಲಗತ್ತಿಸಿ ಸೀಲು ಹಾಕಿಸಿಕೊಂಡೆ.

ಬೆಂಚಿನ ಮೇಲಿದ್ದ ರಾವೂರಿನ ಟ್ರ್ಯಾಕ್ಟರ್ ಮಾಲೀಕರೊಬ್ಬರು ತಮ್ಮ ಪಾಲಿಸಿ ಹಿಡಿದು ಬಂದರು. "ಅಕ್ಕಾ, ನಂದೂ ಜರಾ ಓದಿ ಹೇಳ್ರಿ." ಅವರ ಹಿಂದೆ ಇನ್ನಿಬ್ಬರು ಎದ್ದು ನಿಂತರು. ಗಂಟೆ ಹನ್ನೊಂದೂ ಆಗಿರಲಿಲ್ಲ, ಕೌಂಟರಿನವನು ಊಟಕ್ಕೆ ಹೊರಟ.