ನಾಲ್ಕನೆಯ ಹಾಡಿನ ಎಕೋ

ಒಂದು ಹಾಡಿನ ಬಗ್ಗೆ ಇದ್ದದ್ದು ಇದ್ದ ಹಾಗೆ ಬರೆದದ್ದಕ್ಕೆ ನಾನು ತೆತ್ತ ಬೆಲೆ ಅಹಮದಾಬಾದಿನ ನವರಂಗಪುರದ ಒಂದು ಮನೆಯ ಭಾನುವಾರದ ಜೋಳದ ರೊಟ್ಟಿ, ಎಣಗಾಯಿ. ದುಬಾರಿಯೇ. ಸುಳ್ಳು ಬರೆದಿದ್ದರೆ ನನ್ನ ಮಾತು ನಂಬಿ ಟಿಕೆಟ್ ಕೊಳ್ಳುವವರು ಕೈಬಿಡುತ್ತಿದ್ದರು. ಅದು ಇನ್ನೂ ದುಬಾರಿ.

ನನ್ನದು ಸೂರತ್ತಿನಲ್ಲಿ ಸೀರೆ ವ್ಯಾಪಾರ. ಪಾಂಡೇಸರಾದ ಮಿಲ್ಲುಗಳಿಂದ ಕೊಂಡು ಹುಬ್ಬಳ್ಳಿ, ಗದಗಿನ ಅಂಗಡಿಗಳಿಗೆ ಕಳಿಸುತ್ತೇನೆ. ಬಂದ ಹೊಸತರಲ್ಲಿ ಗೋದಾಮಿನಲ್ಲಿ ಗಂಟು ಕಟ್ಟುತ್ತಿದ್ದೆ. ಚೌಕಾಸಿ ಕಲಿತದ್ದು ಅಲ್ಲೇ. ವ್ಯಾಪಾರಕ್ಕೆಂದು ವಡೋದರಾ, ಅಹಮದಾಬಾದಿಗೆ ರೈಲಿನಲ್ಲಿ ಓಡಾಡುವಾಗ ಹೊಸ ಹಾಡು ಕೇಳುವ ಹುಚ್ಚು ಹತ್ತಿತು. ಸಿನಿಮಾ ಹಾಡಲ್ಲ, ಹುಡುಗ ಹುಡುಗಿಯರು ಬಾಡಿಗೆ ಕೋಣೆಯಲ್ಲಿ ತಾವೇ ಕಟ್ಟಿ, ತಾವೇ ಬಿಡುಗಡೆ ಮಾಡುವಂಥವು. ಈಗ ಪ್ರತಿ ಶುಕ್ರವಾರ ನನ್ನ ಆನ್‌ಲೈನ್ ಪೇಜಿನಲ್ಲಿ ಬರೆಯುತ್ತೇನೆ: ಈ ವಾರ ಯಾವುದನ್ನು ಕೇಳಬೇಕು, ಯಾವುದನ್ನು ಬಿಡಬೇಕು, ಯಾಕೆ.

ನವರಂಗಪುರದ ಆ ಮನೆಯವರು ಧಾರವಾಡದವರು, ಅಹಮದಾಬಾದಿಗೆ ಹೋದ ಭಾನುವಾರ ನನ್ನ ಊಟ ಅಲ್ಲೇ. ಯಜಮಾನರು ಬ್ಯಾಂಕಿನಲ್ಲಿ, ವರ್ಗವಾಗಿ ಬಂದವರು. ಮಗಳು ಗುಜರಾತಿನ ಊರೂರಲ್ಲೇ ಬೆಳೆದು, ವಡೋದರಾದಲ್ಲಿ ಓದುತ್ತ, ಗೆಳತಿಯರೊಡನೆ ತಂಡ ಕಟ್ಟಿದ್ದಳು. ಮೊದಲ ನಾಲ್ಕು ಹಾಡು ಸಿದ್ಧವಾಗಿದ್ದವು. ಅವು ಹೊರಬಂದ ಮೇಲೆ ಅಲ್ಲಿನ ಒಂದು ಕೆಫೆಯಲ್ಲಿ ಕಾರ್ಯಕ್ರಮ. ಕುರ್ಚಿ ತುಂಬದಿದ್ದರೆ ಕೆಫೆಯವನು ಮತ್ತೆ ಕರೆಯುವುದಿಲ್ಲ, ಗೆಳತಿಯರು ಪರೀಕ್ಷೆಯ ನೆಪ ಹೇಳಿ ಚದುರುತ್ತಾರೆ. ಅಲ್ಲಿಗೆ ತಂಡ ಮುಗಿಯಿತು. ಇದು ಅವಳಿಗೂ ಗೊತ್ತಿತ್ತು, ನನಗೂ.

ಊಟವಾದ ಮೇಲೆ ಫೋನು ಚಾಚಿದಳು. "ಕಾಕಾ, ಸಾಚು ಕೆಹಜೋ, ಖರೇ ಹೇಳ್ರಿ. ಸುಮ್ನ ಛಲೋ ಅದ ಅನಬ್ಯಾಡ್ರಿ."

ಬಾಲ್ಕನಿಗೆ ಹೋಗಿ, ಕೆಳಗಿನ ರಿಕ್ಷಾಗಳ ಗದ್ದಲದ ನಡುವೆ, ಫೋನಿನ ಸ್ಪೀಕರಿನಲ್ಲೇ ಕೇಳಿದೆ. ದುಬಾರಿ ಹೆಡ್‌ಫೋನಿನಲ್ಲಿ ಎಲ್ಲ ಹಾಡೂ ಚೆಂದವೇ. ಮೊದಲೆರಡು ಗುಜರಾತಿ ಹಾಡುಗಳು ಚುರುಕಾಗಿದ್ದವು. ಮೂರನೆಯ ಹಿಂದಿ ಹಾಡು ಯಾರದ್ದಾದರೂ ಆಗಬಹುದಿತ್ತು. ನಾಲ್ಕನೆಯದು ಕನ್ನಡದ್ದು, ವರ್ಗವಾದಾಗಲೆಲ್ಲ ಮನೆಯ ಸಾಮಾನು ಲಾರಿ ಹತ್ತುವ ಹಾಡು. ರಾಗ ಎಲ್ಲಕ್ಕಿಂತ ಮೇಲು, ಆದರೆ ದನಿ ಮಾತ್ರ ಎಕೋದಲ್ಲಿ ಮುಳುಗಿತ್ತು. ಸೂರತ್ತಿನಲ್ಲಿ ಬಟ್ಟೆ ಜಾಳಾಗಿದ್ದರೆ ಮೇಲೆ ಹೊಳೆಯುವ ಕಲ್ಲು ಜಾಸ್ತಿ ಅಂಟಿಸುತ್ತಾರೆ. ಇಲ್ಲಿ ಜಾಳಾದದ್ದು ಏನು?

"ದನಿ ಯಾಕವಾ ಬಾವ್ಯಾಗ ಇಳಿಸೀದಿ?"

"ಅದು ಸ್ಟೈಲ್ ಕಾಕಾ."

"ಉಳಿದ ಮೂರರಾಗ ಯಾಕಿಲ್ಲ ಆ ಸ್ಟೈಲು?"

ನನ್ನ ಕೈಯಿಂದ ಫೋನು ವಾಪಸು ತೆಗೆದುಕೊಂಡಳು. "ನನ್ನ ಕನ್ನಡ ಕೇಳಿ ಊರಾಗ ಕಸಿನ್ಸ್ ಎಲ್ಲಾ ನಗ್ತಾರ."

ಚೌಕಾಸಿಗೆ ಕೂತೆ. "ಎಕೋ ತೆಗೆದು ಮತ್ತ ಹಾಡು. ಶುರುವಿನ ಉದ್ದನೆ ಗಿಟಾರು ಅರ್ಧ ಕಡಿ. ಮಂದಿ ಕರಕೊಂಡು ಬರೋದು ನನ್ನ ಜವಾಬ್ದಾರಿ."

"ಇಲ್ಲಾಂದ್ರ?"

"ಇದ್ದದ್ದು ಬರಿತೀನಿ."

ಅಡುಗೆಮನೆಯಿಂದ ಅವಳ ತಾಯಿ ಬಂದರು. "ನಮ್ಮ ಮನ್ಯಾಗ ಉಂಡು ನಮ್ಮ ಹುಡುಗಿ ಹಾಡಿಗೇ ಕತ್ರಿ ಹಾಕ್ತೀರೇನ್ರಿ? ಸೀರಿ ಮಾರೋರಿಗೆ ಸಂಗೀತ ಏನ್ ತಿಳೀತದ?"

"ಅಕ್ಕಾರ, ನಿಮ್ಮ ರೊಟ್ಟಿ ಹೊಗಳು ಅನ್ರಿ, ದಿನಾ ಹೊಗಳ್ತೀನಿ."

ಯಜಮಾನರು ಪೇಪರು ಇನ್ನಷ್ಟು ಎತ್ತಿ ಹಿಡಿದರು.

ಹುಡುಗಿ ಹಠಮಾರಿ. ಹಾಡುಗಳನ್ನು ಇದ್ದ ಹಾಗೇ ಬಿಟ್ಟಳು. ನಾನೂ ಹೇಳಿದಂತೆಯೇ ಶುಕ್ರವಾರ ಬರೆದೆ: ಮೊದಲೆರಡು ಕೇಳಿ, ಮೂರನೆಯದನ್ನು ಬಿಡಿ. ನಾಲ್ಕನೆಯದಕ್ಕೆ ಈ ವರ್ಷ ನಾನು ಕೇಳಿದ ಅತಿ ಒಳ್ಳೆಯ ರಾಗವಿದೆ, ಅದರ ಮೇಲೆ ಅತಿ ಕೆಟ್ಟ ಎಕೋ ಇದೆ. ಹಾಡಿದವಳಿಗೆ ತನ್ನ ದನಿಯ ಭಯ. ವಡೋದರಾಕ್ಕೆ ಹೋಗಿ ಎದುರಿಗೆ ಕೂತು ಕೇಳಿ. ಆ ಮನೆಯಿಂದ ಊಟದ ಕರೆ ಅಂದಿನಿಂದ ನಿಂತಿತು.

ಕೆಫೆ ತುಂಬಿತ್ತು, ಓದಿದವರು ಎದುರಿಗೆ ಕೂತು ಕೇಳಲೆಂದೇ ಬಂದಿದ್ದರು. ಅವಳು ನಾಲ್ಕನೆಯ ಹಾಡಿನಿಂದಲೇ ಶುರುಮಾಡಿದಳು, ಎಕೋ ಇಲ್ಲದೆ. ಎರಡನೆಯ ಸಾಲಿನಲ್ಲಿ ಎಡವಿದಳು. ಹಿಂದಿನಿಂದ ಯಾರೋ ನಕ್ಕರು. ತಾನೂ ನಕ್ಕು ಅದೇ ಸಾಲನ್ನು ಮತ್ತೆ ಎತ್ತಿಕೊಂಡಳು. ಕೊಂಚ ಮರಳು ಬೆರೆತಂಥ ದನಿ, ಒಳ್ಳೆಯ ದನಿ. ಗಿಟಾರನ್ನು ಮಾತ್ರ ಕಡಿದಿರಲಿಲ್ಲ. ಅಷ್ಟು ಹೊತ್ತು ಕಾಯಿಸಿದ್ದರಿಂದಲೇ ದನಿ ಬಂದಾಗ ಜನ ಮಾತು ನಿಲ್ಲಿಸಿದರೆಂದು ಅಲ್ಲಿ ಕೂತಾಗ ಗೊತ್ತಾಯಿತು. ನನ್ನ ಅಂದಾಜು ತಪ್ಪಿತ್ತು. ಮುಂದಿನ ಶುಕ್ರವಾರ ಅದನ್ನೂ ಬರೆದೆ.

ಮುಗಿದ ಮೇಲೆ ಕೆಫೆಯವನು ಮುಂದಿನ ತಿಂಗಳಿಗೆ ಕರೆದ. "ಟಿಕೆಟಿನಲ್ಲಿ ನಮಗೂ ಪಾಲು ಕೊಟ್ಟರೆ ಬರ್ತೀವಿ" ಎಂದು ಅವಳು ಗುಜರಾತಿಯಲ್ಲಿ ಪಟ್ಟು ಹಿಡಿದು ಕೂತಳು. ನಾನು ಮಧ್ಯೆ ಬಾಯಿ ಹಾಕಲಿಲ್ಲ. ಬೇಕಾಗಿರಲಿಲ್ಲ.

ಪರಿಚಯದವರು ತಮ್ಮ ಹೊಸ ಹಾಡು ತಂದು ನಿಮ್ಮ ಕೈಗಿಟ್ಟರೆ, ಗದ್ದಲದಲ್ಲಿ ಒಮ್ಮೆ, ಒಬ್ಬರೇ ಕೂತು ಒಮ್ಮೆ ಕೇಳಿ. ತಪ್ಪನ್ನು ಮೊದಲು ಅವರಿಗೆ ಹೇಳಿ, ಆಮೇಲೆ ಊರಿಗೆ. "ಯಾಕೋ ಸರಿಯಿಲ್ಲ" ಎಂದು ಬಿಡಬೇಡಿ. ಯಾವ ಹಾಡು, ಯಾವ ಜಾಗ, ಏನು ಮಾಡಿದರೆ ಸರಿಹೋದೀತು, ಬಿಡಿಸಿ ಹೇಳಿ. ಅವರು ಕೇಳದಿದ್ದರೆ ಮುನಿಯಬೇಡಿ. ಅರ್ಧ ಸಲಹೆ ಅವರೇ ಬಿಟ್ಟರೆ ಒಳ್ಳೆಯದು. ಮತ್ತೆ, ಕಾರ್ಯಕ್ರಮಕ್ಕೆ ಟಿಕೆಟ್ ಕೊಂಡೇ ಹೋಗಿ, ಪಾಸು ಕೇಳಬೇಡಿ.