ಕಸ್ತೂರಕ್ಕ ಹಿಮದೂರು ವಿಚಾರಿಸಿದ್ದು

ಕುಷ್ಟಗಿಯ ನಮ್ಮ ಓಣಿಯಲ್ಲಿ ಯಾರಾದರೂ ಮಗಳನ್ನು ಕೊಡಬೇಕೆಂದರೆ ಮೊದಲು ಕಸ್ತೂರೆಮ್ಮನ ಕಿವಿಗೆ ಹಾಕುತ್ತಾರೆ. ಆಕೆ ಗಂಡಿನ ಊರಿಗೆ ಹೋಗುತ್ತಾಳೆ, ಗಂಡಿನ ಮನೆಗೆ ಮಾತ್ರ ಹೋಗುವುದಿಲ್ಲ. ಹಿಟ್ಟಿನ ಗಿರಣಿಯಲ್ಲಿ ಕೂರುತ್ತಾಳೆ, ಎದುರುಮನೆಯಲ್ಲಿ ಕುಡಿಯಲು ನೀರು ಕೇಳುತ್ತಾಳೆ, ಕಿರಾಣಿ ಅಂಗಡಿಯಲ್ಲಿ ಬೇಡದ ಜೀರಿಗೆ ಕೊಳ್ಳುತ್ತಾಳೆ. ಸಂಜೆ ಬಸ್ಸಿಳಿದು ಬಂದವಳೇ ‘ಕೊಡ್ರಿ’ ಎನ್ನುತ್ತಾಳೆ, ಇಲ್ಲವೇ ‘ಬ್ಯಾಡ’ ಎನ್ನುತ್ತಾಳೆ. ಅದರ ಮೇಲೆ ಅಪೀಲಿಲ್ಲ.

ನಾನು ಮೆಹಜಬೀನ, ಅವರ ಗೋಡೆಗೆ ಗೋಡೆ ಹಚ್ಚಿದ ಮನೆಯ ಟೇಲರ್. ನನ್ನ ಗಂಡ ಮುನವ್ವರನನ್ನು ಯಲಬುರ್ಗಾಕ್ಕೆ ಹೋಗಿ ವಿಚಾರಿಸಿ ಬಂದವಳೂ ಈ ಕಸ್ತೂರಕ್ಕನೇ. ‘ಸಿಟ್ಟಿನ ಹುಡುಗ, ಗಿರಣ್ಯಾಗ ಯಾರರೆ ಪಾಳಿ ತಪ್ಪಿಸಿದ್ರ ಜಗಳ ತೆಗಿತಾನಂತ. ಕೊಡ್ರಿ’ ಎಂದಿದ್ದಳು ನಮ್ಮ ಅಬ್ಬಾಗೆ. ಊರೆಲ್ಲ ಹೊಗಳಿದ್ದ ಇನ್ನೊಂದು ಸಂಬಂಧವನ್ನು ಅದೇ ವಾರ ಬೇಡವೆಂದಳು. ಒಬ್ಬರೂ ಒಂದು ಕುಂದು ಹೇಳದ ಮನೆಯೆಂದರೆ ಯಾರದೋ ಬಾಯಿ ಮುಚ್ಚಿಸಿದ್ದಾರೆ ಎಂದೇ ಆಕೆಯ ಲೆಕ್ಕ. ಮುನವ್ವರ ಈಗಲೂ ಪಾಳಿಗಾಗಿ ಜಗಳ ತೆಗೆಯುತ್ತಾನೆ. ಉಳಿದಂತೆ ನನಗೇನೂ ತಕರಾರಿಲ್ಲ.

ಆಕೆಯ ಗಂಡ ಪಂಪಾಪತಿ ಮಾಮಾ ಗಂಗಾವತಿ–ಹನುಮಸಾಗರ ಬಸ್ಸು ಓಡಿಸಿ ನಿವೃತ್ತರಾದವರು. ಪಕ್ಕದಲ್ಲಿ ಎಂಜಿನ್ನಿನ ಕಾವು, ಹೊರಗೆ ನಮ್ಮ ಬಿಸಿಲು. ಮನುಷ್ಯ ರೊಟ್ಟಿಯ ಹಾಗೆ ಎರಡೂ ಬದಿ ಬೆಂದಿದ್ದರು. ಕ್ಲಚ್ ತುಳಿದು ತುಳಿದು ಎಡಮೊಣಕಾಲು ಸವೆದಿತ್ತು. ಮಾರ್ಚಿನಲ್ಲಿ ಹುಬ್ಬಳ್ಳಿಯಲ್ಲಿ ಆಪರೇಷನ್, ಆಮೇಲೆ ಜಾರುವುದು ಜಿಗಿಯುವುದು ಎಲ್ಲ ಬಂದ್ ಎಂದರು ಡಾಕ್ಟರು. ಅದನ್ನು ಕೇಳಿದ್ದೇ ತಡ, ಮಾಮಾನ ಬಹುದಿನದ ಆಸೆ ಹೊರಬಿತ್ತು. ಕಾಲಿಗೆ ಉದ್ದನೆಯ ಸ್ಕೀ ಪಟ್ಟಿ ಕಟ್ಟಿಕೊಂಡು ಹಿಮದ ಮೇಲೆ ಜಾರುವವರ ವಿಡಿಯೋಗಳನ್ನು ಅವರು ಫೋನಿನಲ್ಲಿ ಹೊತ್ತುಗೊತ್ತಿಲ್ಲದೆ ನೋಡುತ್ತಿದ್ದರು.

‘ಎಂಜಿನ್ ಇಲ್ಲ, ಡೀಸೆಲ್ ಇಲ್ಲ, ಹೆಂಗ ಹೊಂಟಾರ ನೋಡವಾ!’ ಎಂದು ನನಗೂ ತೋರಿಸಿದರು. ‘ಆಪರೇಷನ್ನಿಗಿಂತ ಮೊದ್ಲ ಒಮ್ಮೆರೆ ಜಾರಬೇಕು.’

ನೋಡಿ ನೋಡಿ ಕೊನೆಗೆ ಎರಡು ಊರು ಉಳಿದವು. ಒಂದು ಉತ್ತರಾಖಂಡದ ಔಲಿ, ಇನ್ನೊಂದು ಹಿಮಾಚಲದ ನಾರಕಂಡ. ಮಾಮಾ ಔಲಿಯ ಒಂದು ಲಾಡ್ಜಿಗೆ ಫೋನ್ ಮಾಡಿ ಕಾಲಿನ ಸಂಗತಿಯನ್ನೂ ಹೇಳಿದರು. ‘ಬಂದುಬಿಡಿ ಸಾಹೇಬರೇ, ನೂರಕ್ಕೆ ನೂರು ಜಾರಿಸುತ್ತೇವೆ’ ಎಂದರಂತೆ. ಮಾಮಾ ಹಿಗ್ಗಿ ಹೀರೇಕಾಯಿಯಾದರು.

ಕಸ್ತೂರಕ್ಕ ಮಾತ್ರ ನನ್ನ ಹೊಲಿಗೆ ಮಿಷಿನ್ನಿನ ಪಕ್ಕ ಕುರ್ಚಿ ಎಳೆದುಕೊಂಡು ಕೂತಳು. ನನಗೆ ಉರ್ದು ಬರುತ್ತದೆ ಎಂಬುದೇ ನನ್ನ ತಪ್ಪು.

‘ಲಾಡ್ಜಿನವ್ರನ್ನ ಕೇಳಿ ಏನ ಮಾಡ್ತಿ? ಬಾಜೂಕಿನ ಚಾದಂಗಡಿ ನಂಬರ್ ತೆಗಿ.’

ಮದುವೆ ಹಂಗಾಮು, ಬ್ಲೌಸ್ ಪೀಸುಗಳ ರಾಶಿ ಬಿದ್ದಿತ್ತು. ಆದರೂ ಫೋನಿನ ನಕ್ಷೆಯಲ್ಲಿ ಹುಡುಕಿ ಒಂದೊಂದೇ ಅಂಗಡಿಗೆ ಹಚ್ಚಿದೆ. ಔಲಿಯ ಕಡೆ ಸಿಕ್ಕವರೆಲ್ಲ ಹೊಗಳಿದ್ದೇ ಹೊಗಳಿದ್ದು: ಹಿಮ ಭರಪೂರ, ಕಲಿಸುವವರು ದೇವರಂಥವರು, ಯಾರು ಬಂದರೂ ಹಕ್ಕಿಯ ಹಾಗೆ ಹಾರುತ್ತಾರೆ. ನಾರಕಂಡದ ಇಳಿಜಾರಿನ ಬುಡದಲ್ಲಿ ಚಹಾ ಮಾರುವ ಹೆಂಗಸು ಮಾತ್ರ ದೂರಿನ ಗಂಟನ್ನೇ ಬಿಚ್ಚಿದಳು. ಹಿಮ ತೆಳ್ಳಗಿದೆ, ಹದಿನೈದು ದಿನ ಬಿಟ್ಟು ಬನ್ನಿ, ಇಳಿಜಾರು ಸಣ್ಣದು, ಕಲಿಸುವ ಮಾಸ್ತರನ ಬಾಯಿ ಹೊಲಸು. ಕಾಲುನೋವು ಎಂದವರ ಕಾಲನ್ನು ಆತ ಕೈಯಾರೆ ಮುಟ್ಟಿ ನೋಡದೆ ಪಟ್ಟಿ ಕಟ್ಟುವುದಿಲ್ಲ, ಎಷ್ಟು ದೂರದಿಂದ ಬಂದಿದ್ದರೂ ವಾಪಸು ಕಳಿಸುತ್ತಾನೆ.

ನಾನು ಕನ್ನಡದಲ್ಲಿ ಹೇಳುತ್ತ ಹೋದಂತೆ ಕಸ್ತೂರಕ್ಕನ ಮುಖ ಅರಳಿತು. ‘ಇದು ನೋಡ ಮನಿತನ!’ ಎಂದಳು.

ಮಾಮಾ ಸಿಡಿದರು. ‘ಅಲ್ಲಿ ಹೂಂ ಅಂದಾರ. ಇಲ್ಲಿ ಅಷ್ಟ ದೂರ ಹೋದ ಮ್ಯಾಲ ಬ್ಯಾಡ ಅಂದ್ರ? ನನಗ ಇರೋದು ಒಂದ ಸಲ. ನಿನ್ನ ಹಟಕ್ಕ ನನ್ನ ಆಸೆ ಮಣ್ಣಪಾಲ ಮಾಡ್ತಿ ಏನ?’

‘ಕಾಲು ನೋಡದ ಹೂಂ ಅಂದವ್ರ ಕೈಯಾಗ ನಾ ನಿಮ್ಮನ್ನ ಕೊಡಂಗಿಲ್ರಿ.’

ಹದಿನೈದು ದಿನ ಬಿಟ್ಟು ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು, ಸೀರೆಯೊಳಗೆ ತೊಡಲು ನಾನು ಹೊಲಿದ ದಪ್ಪ ಪೈಜಾಮದೊಂದಿಗೆ ನಾರಕಂಡಕ್ಕೇ ಹೊರಟರು. ಮಾಮಾ ರೈಲಿನುದ್ದಕ್ಕೂ ಮುಖ ಗಂಟು ಹಾಕಿಕೊಂಡಿದ್ದರಂತೆ. ಮುಂದಿನದನ್ನು ಗಂಡ ಹೆಂಡತಿ ಇಬ್ಬರೂ ಬಂದು ನನಗೆ ಹೇಳಿದರು.

ಮಾಸ್ತರ ಮಾಮಾನನ್ನು ಚಹಾದಂಗಡಿಯ ಬೆಂಚಿನ ಮೇಲೆ ಕೂರಿಸಿ, ಪ್ಯಾಂಟು ಏರಿಸಿ, ಮೊಣಕಾಲನ್ನು ಮಡಿಸಿ ಬಿಡಿಸಿ ನೋಡಿದ. ‘ನಹೀಂ’ ಎಂದು ಎದ್ದು ಹೋದ.

ಎಷ್ಟೋ ಮನೆಯ ಮಕ್ಕಳ ಬಾಳು ತೂಗಿ ಹೇಳಿದ ಕಸ್ತೂರಕ್ಕನಿಗೆ, ಕಟ್ಟಿಕೊಂಡ ಗಂಡನ ಒಂದೇ ಒಂದು ಆಸೆಯಲ್ಲಿ ಎಡವಿದೆನೇನೋ ಎಂದು ಮೊದಲ ಸಲ ಅನುಮಾನ ಬಂತು. ಎದುರಿಗೆ ಜನ ಬಿದ್ದು ಎದ್ದು ಕೇಕೆ ಹಾಕಿ ಜಾರುತ್ತಿದ್ದರು. ಮಾಮಾನ ಕೈಯಲ್ಲಿದ್ದ ಚಹಾ ಆರಿ ತಣ್ಣಗಾಯಿತು. ಬೈದರೂ ಚೆನ್ನಾಗಿತ್ತು, ಆ ಮೌನ ತಡೆಯಲಾಗಲಿಲ್ಲ ಎಂದಳು ಕಸ್ತೂರಕ್ಕ.

ಸಂಜೆ ಇಳಿಜಾರು ಖಾಲಿಯಾದ ಮೇಲೆ ಮಾಸ್ತರ ತಾನಾಗಿಯೇ ಪಟ್ಟಿ ಹಿಡಿದು ಬಂದ. ಮೇಲಿನಿಂದ ಬಿಡುವುದಿಲ್ಲ, ಇಲ್ಲೇ ಕೆಳಗೆ ಸಮತಟ್ಟಿನಲ್ಲಿ. ತಿರುಗಬಾರದು, ಬಗ್ಗಬಾರದು ಎಂದು ಬೈಯುತ್ತಲೇ ಕಟ್ಟಿದ. ಮಾಮಾನ ಎರಡೂ ಕೈ ಹಿಡಿದು ತಾನು ಹಿಂದುಹಿಂದಕ್ಕೆ ನಡೆಯುತ್ತ ಎಳೆದುಕೊಂಡು ಹೋದ. ಮಾಮಾಗೆ ಜೀವ ಬಂತು ನೋಡಿ, ‘ಸರೀರಿ, ಸರೀರಿ, ಬಸ್ ಬಂತು!’ ಎಂದು ಖಾಲಿ ಬಯಲಿಗೆ ಕೂಗಿದರಂತೆ. ಕೊನೆಗೆ ಮಾಸ್ತರ ಕೈ ಬಿಟ್ಟು ಬದಿಗೆ ಸರಿದ. ಮಾಮಾ ತಾವೊಬ್ಬರೇ ನಾಲ್ಕು ಮಾರು ಜಾರಿ ಹೋಗಿ ನಿಂತರು. ಕಸ್ತೂರಕ್ಕ ನಗುತ್ತ ನಗುತ್ತ ಅತ್ತುಬಿಟ್ಟಳು.

ಬೆಂಚಿಗೆ ಬಂದು ಬೂಟು ಬಿಚ್ಚುವಾಗ ಆಕೆ ಕೇಳಿದಳು, ‘ಔಲಿಗೆ ಹೋಗಿದ್ರ ಮ್ಯಾಲಿಂದ ಬಿಡತಿದ್ರು. ನನ್ನ ಮ್ಯಾಲ ಸಿಟ್ಟೇನ್ರಿ?’

ಮಾಮಾ ಎರಡನೇ ಬೂಟು ಎಳೆಯುತ್ತಲೇ ಹೇಳಿದರು.

‘ಖರೇ ಗುಡ್ಡ ಕಂಡ ಕೂಡ್ಲೇ ನನ್ನ ಕೈಕಾಲು ನಡುಗಿದ್ವು, ಕಸ್ತೂರಿ. ಹೂಂ ಅಂದಿದ್ರ ಮಾನಕ್ಕ ಅಂಜಿ ಜಾರತಿದ್ದೆ. ಆ ಪುಣ್ಯಾತ್ಮ ಬ್ಯಾಡ ಅಂದ ನೋಡ, ಅವಾಗ ಉಸುರು ಬಿಟ್ಟೆ.’