ಬಸ್ ನಿಲ್ದಾಣ ಉಳಿಸಿದ ಕತ್ತರಿಯಣ್ಣ

ಬಸ್ ನಿಲ್ದಾಣದ ಎದುರಿನ ಕಟಿಂಗ್ ಶಾಪಿನ ಯಜಮಾನನಿಗೆ ಬಡಾವಣೆಯವರೆಲ್ಲ ಕತ್ತರಿಯಣ್ಣ ಎನ್ನುತ್ತಿದ್ದರು. ಭಾನುವಾರ ಗಿರಾಕಿಗಳು ಬೇರೆ ಕಡೆ ಜಾರದಿರಲೆಂದು, ಬಂದವರಿಗೆಲ್ಲ ಮೊದಲು ಒಂದೊಂದು ಕೆನ್ನೆ ಬೋಳಿಸಿ ಬೆಂಚಿನ ಮೇಲೆ ಕೂರಿಸುವುದು ಅವನ ಪದ್ಧತಿ.

ಆ ನಿಲ್ದಾಣವನ್ನು ದೂರದ ತಿರುವಿಗೆ ಸಾಗಿಸುವ ಯೋಜನೆ ಬಂತು. ಹಾಗಾದರೆ ಅವನು ಅಂಗಡಿಯಲ್ಲಿ ನೊಣ ಹೊಡೆಯುತ್ತಾ ಕೂರಬೇಕು. ಜನರ ಅಭಿಪ್ರಾಯ ಕೇಳುವ ವಾರ್ಡ್ ಸಭೆ ಭಾನುವಾರ ಬೆಳಿಗ್ಗೆಯೇ ಇತ್ತು. ಬೆಂಚಿನವರು ಯೋಜನೆಯನ್ನು ಬಾಯಿಗೆ ಬಂದಂತೆ ಬೈದರು. ಏಳಲು ಮಾತ್ರ ಒಬ್ಬರಿಗೂ ಮನಸ್ಸಿಲ್ಲ.

"ಇಲ್ಲಿ ಬೈದ್ರೆ ನನ್ನ ಕನ್ನಡಿಗಷ್ಟೇ ಕೇಳ್ಸುತ್ತೆ. ನಡೀರಿ ಸಭೆಗೆ," ಎಂದು ಕತ್ತರಿಯಣ್ಣ ಬಾಗಿಲೆಳೆದ.

"ಈ ಮುಖ ಹೊತ್ಕೊಂಡೇನಯ್ಯಾ?" ಎಂದರು ನಿವೃತ್ತ ಮೇಷ್ಟ್ರು.

"ಉಳಿದರ್ಧ ಸಭೆ ಮುಗಿದ ಮೇಲೆ, ಮೇಷ್ಟ್ರೇ."

ಸಭೆಯಲ್ಲಿ ಬೇರೆಯವರು ಟೀ ಕುಡಿದು ಮನೆಗೆ ಹೋದರೂ ಅರ್ಧ ಗಡ್ಡದವರು ಕದಲಲಿಲ್ಲ. ವಯಸ್ಸಾದವರಿಗೆ ತಿರುವಿನವರೆಗೆ ನಡೆಯುವುದು ಕಷ್ಟವೆಂದು ಒಬ್ಬೊಬ್ಬರಾಗಿ ಎದ್ದು ಹೇಳಿದರು. ಅಧಿಕಾರಿ ಎಲ್ಲರ ಮುಖವನ್ನೂ ಗಂಭೀರವಾಗಿ ನೋಡಿ, "ಸರಿ, ನಿಲ್ದಾಣ ಇದ್ದಲ್ಲೇ ಇರಲಿ," ಎಂದರು.

"ಹಾಗಂತ ಈಗ್ಲೇ ಬರ್ಕೊಳ್ಳಿ ಸ್ವಾಮಿ," ಎಂದ ಕತ್ತರಿಯಣ್ಣ, ಅವರು ಬರೆದು ಸಹಿ ಹಾಕುವವರೆಗೂ ಮೇಜಿನ ಪಕ್ಕದಲ್ಲೇ ನಿಂತಿದ್ದ.